ಕೈ ಮಾತ್ರ ಕಾಣುವ ಚಿತ್ರ

ಜುಲೈ 6

ಎಡಚಿ,

ಫೋನಿನಲ್ಲಿ ನಾವಿಬ್ಬರೂ ಜಗಳವಿಲ್ಲದೆ ಮೂರು ನಿಮಿಷ ದಾಟಿದ ದಾಖಲೆ ಇಲ್ಲ. ಅದಕ್ಕೇ ಕಾಗದ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ, ನಾನು ನಿನ್ನ ನಿಟ್ಟುಸಿರು ಕೇಳಬೇಕಾಗಿಲ್ಲ.

ಇದರ ಜೊತೆ ಒಂದು ಪೊಟ್ಟಣ ಬರುತ್ತದೆ. ಒಳಗೆ ಎರಡು ರಟ್ಟಿನ ಕೊಳವೆ, ಮೂರು ಬಣ್ಣದ ಉಣ್ಣೆ ದಾರ, ಹಳೆಯ ಅಂಗಿಗಳಿಂದ ಕಿತ್ತ ಗುಂಡಿಗಳು, ಒಂದು ಗೋಂದಿನ ಸೀಸೆ. ನಿನ್ನ ಮಗಳಿಗೆ, ನಮ್ಮ ಕಡ್ಡಿಗೆ, ಹೇಳು: ಗೋಂದನ್ನು ಬೆರಳಗಲ ಮಾತ್ರ ಹಚ್ಚಬೇಕು, ದಾರ ಸುತ್ತಬೇಕು, ಆಮೇಲೆ ಮತ್ತೆ ಬೆರಳಗಲ. ಒಟ್ಟಿಗೇ ಬಳಿದರೆ ಅರ್ಧಕ್ಕೆ ಬರುವಷ್ಟರಲ್ಲಿ ಒಣಗಿ ದಾರ ಜಾರುತ್ತದೆ. ಬುಡಕ್ಕೆ ದುಂಡಗೆ ಕತ್ತರಿಸಿದ ರಟ್ಟು. ಗುಂಡಿಗಳನ್ನು ಅವಳಿಗೆ ಇಷ್ಟ ಬಂದಲ್ಲಿ ಅಂಟಿಸಲಿ. ಪೆನ್ಸಿಲ್ ಇಡಲು ಒಳ್ಳೆಯ ಗೂಡು ಆಗುತ್ತದೆ. ನೀನು ಮಾತ್ರ ಕೈ ಹಾಕಬೇಡ. ಹಲ್ಲಿನ ಲ್ಯಾಬಿನಲ್ಲಿ ದಿನವೆಲ್ಲ ಕಟ್ಟಿದ ಹಲ್ಲು ತಿಕ್ಕಿ ತಿಕ್ಕಿ ನಿನಗೆ ಎಲ್ಲವೂ ನುಣ್ಣಗಿರಬೇಕು. ಮಕ್ಕಳ ಕೆಲಸ ನುಣ್ಣಗಾದರೆ ಮುಗಿಯಿತು, ಅದರಲ್ಲಿ ಜೀವ ಇರುವುದಿಲ್ಲ.

ಅವಳು ನಿನ್ನ ಹತ್ತಿರ ವಾಪಸು ಬಂದು ಐದು ತಿಂಗಳಾಯಿತು. ಅವಳ ಕೋಣೆಯನ್ನು ಹಾಗೇ ಇಟ್ಟಿದ್ದೇನೆ ಎಂದರೆ ನೀನು ನಗುತ್ತೀ. ಹಾಗೇ ಇಟ್ಟಿಲ್ಲ. ಕಿಟಕಿಗೆ ಅವಳು ಕಟ್ಟಿದ ಕಾಗದದ ಸರಪಳಿಯ ಧೂಳು ಹೊಡೆದೆ. ಮೇಜಿನ ಮೇಲಿನ ಗೋಂದಿನ ಕಲೆಗಳನ್ನು ಕೆರೆಯಲು ಕೂತು, ಅರ್ಧ ಕೆರೆದು ಬಿಟ್ಟೆ.

ಮೊನ್ನೆ ಸಂಪಾದಕರು ಕರೆಸಿದ್ದರು. ವಾರಪತ್ರಿಕೆಯಲ್ಲಿ ಬರುವ ನನ್ನ ಕೈಕೆಲಸದ ಪುಟಗಳನ್ನು ಒಟ್ಟು ಮಾಡಿ ಪುಸ್ತಕ ತರುತ್ತಾರಂತೆ. ಮಕ್ಕಳು ಮನೆಯಲ್ಲೇ ಮಾಡಿ ಮನೆಯನ್ನೇ ಸಿಂಗರಿಸಬಹುದಾದ ನಲವತ್ತು ವಸ್ತುಗಳು. "ಓದುಗರು ನಿಮ್ಮನ್ನ ಕೇಳ್ತಿಲ್ಲ ಮೇಡಂ, ಚಿತ್ರದಲ್ಲಿರೋ ಆ ಪುಟ್ಟ ಕೈ ಯಾರದು ಅಂತ ಕೇಳ್ತಿದಾರೆ," ಎಂದರು. ಹದಿನಾರು ವರ್ಷ ಆ ಪುಟ ಬರೆದವಳಿಗೆ ಹೇಳುವ ಮಾತಲ್ಲ. ಆದರೂ ನಗು ಬಂತು. ಒಂಬತ್ತು ಚಿತ್ರಗಳನ್ನು ಹೊಸದಾಗಿ ತೆಗೆಯಬೇಕು. ಡಿಸೆಂಬರ್ ಕೊನೆಗೆ ಅವಳಿಗೆ ರಜೆ ಬಂದಾಗ ಹತ್ತು ದಿನ ಇಲ್ಲಿಗೆ ಕಳಿಸು. ಅವಳಿಲ್ಲದೆ ಈ ಪುಸ್ತಕ ಆಗುವುದಿಲ್ಲ. ಪುಸ್ತಕ ಒಂದು ನೆಪ ಎಂದು ನೀನು ತಿಳಿದುಕೊಂಡರೂ ನನ್ನ ಅಭ್ಯಂತರವಿಲ್ಲ.

ನಿನ್ನ ಅಕ್ಕ


ಜುಲೈ 21

ಅಕ್ಕಾ,

ಪೊಟ್ಟಣ ತಲುಪಿತು. ಕಡ್ಡಿಗೆ ಇಷ್ಟವಾಯಿತು. ಮಾಡಿದ್ದನ್ನು ಕಳಿಸಿದ್ದೇನೆ. ನಿನ್ನ ಮೇಜಿನ ಮೇಲೆ ಇರಲಿ.

ನಾವು ಹೊಸ ಮನೆಗೆ ಬಂದು ಹದಿನೈದು ದಿನ. ಎರಡು ಕೋಣೆ, ಒಂದು ಒಲೆಕಟ್ಟೆ, ರಸ್ತೆಯ ಕಡೆಗೆ ಒಂದು ಕಿಟಕಿ. ಬಸ್ಸು ತಿರುಗುವಾಗ ಕಿಟಕಿಯ ಗಾಜು ಗದಗದ ನಡುಗುತ್ತದೆ. ಕೆಳಗಡೆ ಮನೆಯೊಡತಿ ಇದ್ದಾರೆ. ಬೀಗದ ಕೈ ಕೊಡುವ ಮೊದಲೇ, "ಮೊಳೆ ಗಿಳೆ ಹೊಡೀಬೇಡಿ ತಾಯಿ. ನೀವು ಗೋಡೆಗೆ ಹೊಡೆದ್ರೆ ನಂಗೆ ಎದೆಗೇ ಹೊಡ್ದಂಗಾಗುತ್ತೆ," ಎಂದರು. ಹಾಗಾಗಿ ಗೋಡೆಗಳು ಬೋಳು. ಕಡ್ಡಿ ಬೋಳಾಗಿಯೇ ಇರಲಿ ಎನ್ನುತ್ತಾಳೆ.

ಲ್ಯಾಬಿನಲ್ಲಿ ಕೆಲಸ ಜಾಸ್ತಿ. ಈ ವಾರ ಒಬ್ಬ ಮುದುಕರಿಗೆ ಕೆಳಗಿನ ಹಲ್ಲಿನ ಸೆಟ್ಟು ಕಟ್ಟಿದೆ. ಅವರ ಹೆಂಡತಿ ಹಳೆಯ ಫೋಟೋ ತಂದು, ಮುಂದಿನ ಹಲ್ಲು ಒಂದು ವಾಲಿರುವುದನ್ನು ತೋರಿಸಿ, "ಹಂಗೇ ಮಾಡ್ಕೊಡಿ, ಇಲ್ದಿದ್ರೆ ಯಾರೋ ಪರಪುರುಷನ ಜೊತೆ ಕೂತು ಊಟ ಮಾಡ್ದಂಗಾಗುತ್ತೆ," ಎಂದರು. ವಾಲಿಸಿದೆ. ನಮ್ಮ ಮಾಲೀಕರು ಹೇಳುವುದೂ ಅದನ್ನೇ: ಹಲ್ಲು ಸಾಲಾಗಿದ್ದರೆ ಯಾರೂ ನಂಬುವುದಿಲ್ಲ, ಸ್ವಲ್ಪ ಕೆಟ್ಟಿರಬೇಕು.

ಡಿಸೆಂಬರ್ ಇನ್ನೂ ದೂರ ಇದೆ. ನೋಡೋಣ.

ತಂಗಿ


ಆಗಸ್ಟ್ 3

ಎಡಚಿ,

ಪೆನ್ಸಿಲ್ ಗೂಡು ನನ್ನ ಮೇಜಿನ ಮೇಲೆ ಕೂತಿದೆ. ದಾರ ಎರಡು ಕಡೆ ಸಡಿಲ, ಒಂದು ಗುಂಡಿ ಜಾರಿ ಕೆಳಗೆ ಇಳಿದು ಅಲ್ಲೇ ಒಣಗಿದೆ, ಗೋಂದು ಬೆರಳಿನ ಗುರುತಿನೊಂದಿಗೆ ಗಟ್ಟಿಯಾಗಿದೆ. ಇದನ್ನು ಕಲಿಸಲು ಆಗುವುದಿಲ್ಲ. ಸಂಪಾದಕರು ಬಂದಿದ್ದಾಗ ಕೈಯಲ್ಲಿ ಹಿಡಿದು, "ಮಗು ಮಾಡಿದ್ದು ಅಂತ ಯಾರಿಗಾದ್ರೂ ಗೊತ್ತಾಗುತ್ತೆ," ಎಂದರು. ಹೆಮ್ಮೆಯಿಂದ ಅದನ್ನು ಮತ್ತೆ ಮೇಜಿನ ನಡುವೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟೆ.

ಆದರೆ ಅವಳು ಒಂದು ಸಾಲೂ ಏಕೆ ಬರೆದಿಲ್ಲ? 'ದೊಡ್ಡಮ್ಮ, ಮಾಡಿದ್ದೇನೆ' ಎಂದು ಬರೆಯಲು ಎಷ್ಟು ಹೊತ್ತು ಬೇಕು? ಕೂರಿಸಿ ಬರೆಸು.

ಬೋಳು ಗೋಡೆ ಎಂದು ಬರೆದಿದ್ದೀಯ. ಮೊಳೆ ಇಲ್ಲದೆ ಕೋಣೆ ಸಿಂಗರಿಸುವ ಬಗ್ಗೆ ನಾನು ಎಂಟು ಪುಟ ಬರೆದಿದ್ದೇನೆ, ನೀನು ಒಂದನ್ನೂ ಓದಿಲ್ಲ. ಕಿಟಕಿಯ ಸರಳಿಗೆ ಅಡ್ಡ ಒಂದು ಕೋಲು ಕಟ್ಟು. ಅದರಿಂದ ದಾರಗಳನ್ನು ಇಳಿಬಿಟ್ಟು, ಮೊಟ್ಟೆಯ ಟ್ರೇಯ ಬಟ್ಟಲುಗಳನ್ನು ಕತ್ತರಿಸಿ ಬಣ್ಣ ಬಳಿದು ಹೂವಿನ ಹಾಗೆ ಪೋಣಿಸಬಹುದು. ಜೊತೆಗೆ ಕಾಗದದ ಹಾವು. ಈ ಸಲದ ಪೊಟ್ಟಣದಲ್ಲಿರುವ ಗ್ಲೇಜ್ ಕಾಗದದ ದೊಡ್ಡ ವೃತ್ತ, ಬಣ್ಣದ ಮುಖ ಮೇಲೆ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿನ ತನಕ ಕತ್ತರಿಸಿದರೆ ಆಯಿತು, ನಡುಭಾಗವನ್ನು ಎತ್ತಿ ಹಿಡಿದರೆ ಹಾವು ಇಳಿದು ಜೋಲುತ್ತದೆ. ಗಾಳಿಗೆ ತಾನೇ ತಿರುಗುತ್ತದೆ. ಅವಳು ಇಲ್ಲಿ ಮಾಡಿದ್ದು ಇನ್ನೂ ಹಜಾರದ ಫ್ಯಾನಿನ ಪಕ್ಕ ತೂಗುತ್ತಿದೆ. ಅದರ ಜೊತೆಗೆ ಇನ್ನೊಂದು ಬೇಕು, ಮಾಡಿಸಿ ಕಳಿಸು.

ಡಿಸೆಂಬರ್ ದೂರವೇನೂ ಇಲ್ಲ. ಫೋಟೋದವನಿಗೆ ದಿನ ಕೊಡಬೇಕು.

ನಿನ್ನ ಅಕ್ಕ


ಆಗಸ್ಟ್ 31

ಅಕ್ಕಾ,

ತಡವಾಯಿತು. ಕಡ್ಡಿಗೆ ಎರಡು ದಿನ ಮೈ ಬೆಚ್ಚಗಿತ್ತು, ಆಮೇಲೆ ಪರೀಕ್ಷೆ. ಹಾವು, ಹೂವಿನ ಸರ ಕಳಿಸಿದ್ದೇನೆ. ಸಾಲು ಬರೆಸಲು ಆಗಲಿಲ್ಲ. ಅಕ್ಷರ ಚೆನ್ನಾಗಿಲ್ಲ ಎಂದು ಅವಳಿಗೆ ಸಂಕೋಚ.

ಶಾಲೆಯಲ್ಲಿ ಓಟಕ್ಕೆ ಸೇರಿದ್ದಾಳೆ. ಸಂಜೆ ಮೈದಾನದಿಂದ ಬಂದಾಗ ಮಂಡಿಯಿಂದ ಕೆಳಗೆ ಪೂರ್ತಿ ಮಣ್ಣು. ಮನೆಯೊಡತಿ ಮೆಟ್ಟಿಲ ಮೇಲಿನ ಹೆಜ್ಜೆ ಗುರುತು ನೋಡಿ, "ನಿಮ್ಮ ಮಗಳು ಶಾಲೆಗೆ ಹೋಗ್ತಾಳೋ ಗದ್ದೆಗೆ ಹೋಗ್ತಾಳೋ?" ಎನ್ನುತ್ತಾರೆ. ಬೈಯುತ್ತಲೇ ಅವಳಿಗೆ ಬಿಸಿನೀರು ಕಾಯಿಸಿ ಕೊಡುತ್ತಾರೆ.

ಉಗುರು ಕಚ್ಚುತ್ತಿದ್ದಾಳೆ. ಕೆಲವು ಬೆರಳಲ್ಲಿ ರಕ್ತ ಬರುವ ತನಕ. ಡಾಕ್ಟರಿಗೆ ತೋರಿಸಿದೆ, ತಾನೇ ಬಿಟ್ಟುಹೋಗುತ್ತದೆ ಎಂದರು.

ಡಿಸೆಂಬರಿನಲ್ಲಿ ಓಟದ ಶಿಬಿರ ಇದೆಯಂತೆ. ಖಚಿತವಿಲ್ಲ.

ತಂಗಿ


ಸೆಪ್ಟೆಂಬರ್ 8

ಎಡಚಿ,

ಉಗುರಿನ ವಿಷಯ ಓದಿ ಗಾಬರಿಯಾಯಿತು. ಡಾಕ್ಟರು ಹಾಗೆಯೇ ಹೇಳುತ್ತಾರೆ, ಅವರಿಗೇನು. ಬೆರಳಿಗೆ ಹಚ್ಚುವ ಕಹಿ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಬೆಳಿಗ್ಗೆ ಒಮ್ಮೆ, ಮಲಗುವ ಮೊದಲು ಒಮ್ಮೆ ಹಚ್ಚು. ಈಗ ಶುರು ಮಾಡಿದರೆ ಡಿಸೆಂಬರ್ ಹೊತ್ತಿಗೆ ಉಗುರು ಸಮನಾಗಿ ಬರುತ್ತದೆ. ಮುಖಪುಟಕ್ಕೆ ಬಲಗೈ ತೀರ ಹತ್ತಿರದಿಂದ ಬೇಕಂತೆ. ಮಣ್ಣಾಡುವುದನ್ನೂ ಸ್ವಲ್ಪ ಕಡಿಮೆ ಮಾಡಿಸು. ಚರ್ಮ ಒಡೆದರೆ ಚಿತ್ರದಲ್ಲಿ ದೊಡ್ಡವರ ಕೈಯಂತೆ ಕಾಣುತ್ತದೆ.

ಓಟದ ಶಿಬಿರ ಪ್ರತಿ ವರ್ಷ ಇರುತ್ತದೆ. ಪುಸ್ತಕ ಪ್ರತಿ ವರ್ಷ ಇರುವುದಿಲ್ಲ.

ಸೆಪ್ಟೆಂಬರ್ 9

ನಿನ್ನೆ ಇದನ್ನು ಅಂಚೆಗೆ ಹಾಕಲಿಲ್ಲ. ಒಳ್ಳೆಯದೇ ಆಯಿತು.

ಸಂಜೆ ಹೊಸ ಹಾವನ್ನು ಹಳೆಯದರ ಪಕ್ಕ ಕಟ್ಟಿ ಫ್ಯಾನು ಹಾಕಿದೆ. ಒಂದು ಆ ಕಡೆ ತಿರುಗಿತು, ಇನ್ನೊಂದು ಈ ಕಡೆ. ಫ್ಯಾನಿನ ಗಾಳಿ ಹಾಗೆ ಬೀಸುತ್ತಿರಬೇಕು ಎಂದುಕೊಂಡು ಜಾಗ ಬದಲಿಸಿದೆ. ಆಗಲೂ ಹಾಗೇ. ಎರಡನ್ನೂ ಇಳಿಸಿ, ಬಣ್ಣದ ಮುಖ ಮೇಲೆ ಮಾಡಿ ಮೇಜಿನ ಮೇಲೆ ಹರಡಿ ನೋಡಿದೆ. ಬಲಗೈಯವರು ಕತ್ತರಿಸುವಾಗ ಕಾಗದವನ್ನು ಒಂದು ದಿಕ್ಕಿಗೆ ತಿರುಗಿಸಿಕೊಳ್ಳುತ್ತಾರೆ, ಎಡಗೈಯವರು ಇನ್ನೊಂದು ದಿಕ್ಕಿಗೆ. ಹದಿನಾರು ವರ್ಷ ಇದೇ ಕೆಲಸ ಮಾಡಿದವಳಿಗೆ ಇದನ್ನು ನೋಡಲು ಕನ್ನಡಕವೂ ಬೇಡ. ಹಳೆಯ ಹಾವು ಬಲಗೈಯದು. ನೀನು ಕಳಿಸಿದ್ದು ಎಡಗೈಯದು. ಕಡ್ಡಿ ಬಲಗೈಯವಳು. ನಿನ್ನ ಮನೆಯಲ್ಲಿ ಎಡಗೈಯವರು ಒಬ್ಬರೇ.

ಹಾಗಾದರೆ ಗೂಡು ಕೂಡ ನಿನ್ನದೇ. ಆ ಜಾರಿದ ಗುಂಡಿ, ಆ ಬೆರಳಿನ ಗುರುತು. ನಾನು ಅದನ್ನು ಪಕ್ಕದ ಮನೆಯವರಿಗೆಲ್ಲ ತೋರಿಸಿದ್ದೇನೆ.

ನನ್ನ ಪೊಟ್ಟಣಗಳು ಅವಳ ಕೈಗೇ ಹೋಗುತ್ತಿಲ್ಲ, ಅಲ್ಲವೇ? ಅಟ್ಟದ ಮೇಲಿವೆಯೋ, ಕಸಕ್ಕೆ ಹೋಗಿವೆಯೋ? ಅವಳಿಗೆ ದೊಡ್ಡಮ್ಮ ಕಾಗದ ಬರೆಯುತ್ತಿದ್ದಾಳೆ ಎಂದಾದರೂ ಗೊತ್ತೇ? ಅವಳ ಅಪ್ಪ ಬಿಟ್ಟು ಹೋದಾಗ, ನೀನು ಹಲ್ಲು ಕಟ್ಟುವುದನ್ನು ಕಲಿಯಲು ಹೊರಟಾಗ, ಎರಡು ವರ್ಷ ಅವಳ ತಲೆ ಬಾಚಿದವಳು ನಾನು. ಅವಳಿಗೆ ಮುಂದಿನ ಹಲ್ಲು ಬಿದ್ದದ್ದು ನನ್ನ ಮನೆಯಲ್ಲಿ, ಹೊಸದು ಬಂದದ್ದೂ ನನ್ನ ಮನೆಯಲ್ಲಿ. ಹೆತ್ತದ್ದು ನೀನು, ಒಪ್ಪುತ್ತೇನೆ. ಅದೊಂದನ್ನೇ ಹಿಡಿದುಕೊಂಡು ನನ್ನನ್ನು ಹೊರಗೆ ನಿಲ್ಲಿಸುವುದಾದರೆ ನೇರವಾಗಿ ಹೇಳು. ಮಗುವಿನ ಹೆಸರಿನಲ್ಲಿ ಸುಳ್ಳು ಹೂವು ಕಳಿಸಬೇಡ.

ಅಕ್ಕ


ಸೆಪ್ಟೆಂಬರ್ 26

ಹದಿನೇಳು ದಿನವಾಯಿತು. ಉತ್ತರವಿಲ್ಲ.

ನಿನ್ನ ಮೌನವನ್ನು ನಾನು ಒಪ್ಪಿಗೆ ಎಂದು ಓದುತ್ತಿದ್ದೇನೆ. ಮನೆಗೆ ಕಳಿಸಿದ್ದು ಅವಳಿಗೆ ಸಿಗುವುದಿಲ್ಲವಾದರೆ ಸಿಗುವ ಕಡೆಗೆ ಕಳಿಸುತ್ತೇನೆ. ಇವತ್ತು ಅವಳ ಶಾಲೆಯ ವಿಳಾಸಕ್ಕೆ ಒಂದು ಪೊಟ್ಟಣ ಹಾಕಿದ್ದೇನೆ. ಡ್ರಾಯಿಂಗ್ ಟೀಚರಿಗೂ ಒಂದು ಕಾಗದ ಇದೆ. ಅವಳು ಯಾರು, ಏನು ಬಲ್ಲಳು ಎಂದು ಅವರಿಗಾದರೂ ಗೊತ್ತಿರಲಿ.

ಅಕ್ಕ


ಅಕ್ಟೋಬರ್ 10

ಅಕ್ಕಾ,

ಹೌದು, ನಾನೇ ಮಾಡಿದ್ದು. ಗೂಡು, ಹಾವು, ಸರ, ಎಲ್ಲ. ನನಗೆ ಕಷ್ಟವಾಗಲಿಲ್ಲ. ಸುಳ್ಳು ಹಲ್ಲಿಗೆ ನಿಜವಾದ ಸೊಟ್ಟ ಕೊಡುವುದೇ ನನ್ನ ಕೆಲಸ. ಹಾವಿನ ದಿಕ್ಕು ಮಾತ್ರ ಹೊಳೆಯಲಿಲ್ಲ.

ಸೋಮವಾರ ನಿನ್ನ ಪೊಟ್ಟಣ ಶಾಲೆಗೆ ಬಂದಿತು. ಆಮೇಲೆ ನಡೆದದ್ದನ್ನು ಡ್ರಾಯಿಂಗ್ ಟೀಚರು ಹೇಳಿದ ಹಾಗೇ ಬರೆಯುತ್ತೇನೆ. ಅವರು ಒಳ್ಳೆಯವರು, ಚಿಕ್ಕ ವಯಸ್ಸು, ನಿನ್ನ ಪುಟವನ್ನು ಕತ್ತರಿಸಿ ಇಟ್ಟುಕೊಳ್ಳುವವರು. ನಿನ್ನ ಕಾಗದ ಓದಿ ಕ್ಲಾಸಿನ ಮುಂದೆಯೇ, "ಅಯ್ಯೋ, ಆ ಕೈ ನಿಂದೇನಾ? ಇಷ್ಟು ದಿನ ಬಾಯೇ ಬಿಟ್ಟಿಲ್ವಲ್ಲ, ಕಳ್ಳಿ! ಬಾ, ಎಲ್ಲರಿಗೂ ಮಾಡಿ ತೋರ್ಸು," ಎಂದರು. ಕಡ್ಡಿ ಹೋದಳು. ಕಾಗದ ಮಡಿಸಿ ಹೂವು ಮಾಡಿದಳು. ಒಂದು ಮಡಿಕೆಯೂ ತಪ್ಪಲಿಲ್ಲವಂತೆ. ಮಕ್ಕಳು ಚಪ್ಪಾಳೆ ಹೊಡೆದರು. ಅವಳು ಹೂವನ್ನು ಪಕ್ಕಕ್ಕಿಟ್ಟು, ಇನ್ನೊಂದು ಕಾಗದ ತೆಗೆದುಕೊಂಡು ಮತ್ತೆ ಮಾಡಿದಳು. ಆಮೇಲೆ ಮತ್ತೆ. ನಾಲ್ಕನೆಯದಕ್ಕೆ ಮಕ್ಕಳು ನಗತೊಡಗಿದರು. ಟೀಚರು, "ಸಾಕು ಕಣಮ್ಮ, ತುಂಬಾ ಚೆನ್ನಾಗಿದೆ," ಎಂದರು.

"ಫೋಟೋ ಬಂತಾ ಮಿಸ್?" ಎಂದು ಕೇಳಿದಳಂತೆ.

"ಯಾವ ಫೋಟೋ?"

ಹಾಗಾದರೆ ಬಂದಿಲ್ಲ ಎಂದು ಇನ್ನೊಂದು ಕಾಗದ ತೆಗೆದುಕೊಂಡಳು. ನೀನು ಕಳಿಸಿದ ಕಾಗದಗಳೆಲ್ಲ ಮುಗಿದ ಮೇಲೆ ತನ್ನ ನೋಟ್ ಬುಕ್ಕಿನ ಹಾಳೆ ಹರಿದಳು. ಅಳಲಿಲ್ಲ. ಕೈ ಹಿಡಿದರೆ ಬಿಡಿಸಿಕೊಂಡಳು. ಲ್ಯಾಬಿಗೆ ಫೋನ್ ಬಂದಾಗ ನಾನು ಪ್ಲಾಸ್ಟರ್ ಮೆತ್ತಿದ ಏಪ್ರನ್ನಿನಲ್ಲೇ ಓಡಿದೆ. ಅಷ್ಟರಲ್ಲಿ ಟೀಚರು ಅಳುತ್ತಿದ್ದರು. ಮೇಜಿನ ಮೇಲೆ ಇಪ್ಪತ್ತಮೂರು ಹೂವಿದ್ದವು. ಎಲ್ಲವೂ ಒಂದೇ ಥರ.

ಈಗ ಮೊದಲಿನದನ್ನೂ ಹೇಳುತ್ತೇನೆ. ಫೆಬ್ರವರಿಯಲ್ಲಿ ಅವಳು ನನ್ನ ಹತ್ತಿರ ಬಂದ ದಿನ ತಟ್ಟೆಯ ಮುಂದೆ ಕೂರಿಸಿದೆ. ಎರಡೂ ಕೈಗಳನ್ನು ಮೇಜಿನ ಮೇಲೆ ಚಪ್ಪಟೆ ಇಟ್ಟುಕೊಂಡು ಅಲ್ಲಾಡದೆ ಕೂತಳು. ಉಣ್ಣು ಎಂದರೆ, "ತೆಗೀಬಹುದಾ?" ಎಂದಳು. ಏನನ್ನು ತೆಗೆಯುವುದು ಎಂದು ನನಗೆ ತಿಳಿಯಲಿಲ್ಲ. ಕೈಯನ್ನು ಎಂದು ಗೊತ್ತಾಗಲು ಎರಡು ದಿನ ಹಿಡಿಯಿತು.

ನಿನ್ನ ಮೊದಲನೆಯ ಪೊಟ್ಟಣವನ್ನು ಅವಳ ಕೈಗೇ ಕೊಟ್ಟಿದ್ದೆ. ಬಿಚ್ಚಲಿಲ್ಲ. ಮೆಟ್ಟಿಲಿಳಿದು ಹೋಗಿ ಕಸದ ಡಬ್ಬಿಯ ಪಕ್ಕ ಇಟ್ಟು ಬಂದಳು, ಒಳಗೆ ಹಾಕಲೂ ಇಲ್ಲ. ನಾನು ಬೈದೆ. ಅಲ್ಲಿ ಅಷ್ಟೊಂದು ಚೆಂದಚೆಂದದ್ದು ಮಾಡಿದ್ದೀಯಲ್ಲ, ಇಲ್ಲಿ ಏನು ಬಂತು ನಿನಗೆ ಎಂದೆ. "ಅದೆಲ್ಲ ನಂದಲ್ಲಮ್ಮ," ಎಂದಳು. ನಿನ್ನದಲ್ಲದೆ ಯಾರದು ಎಂದು ಕೇಳಿದೆ. "ನಂದಾಗಿದ್ರೆ ಒಂದಾದ್ರೂ ತಗೊಂಡ್ ಬರ್ತಿದ್ದೆ," ಎಂದಳು. ನಿಜ. ಅವಳ ಚೀಲದಲ್ಲಿ ಒಂದೂ ಇರಲಿಲ್ಲ.

ನಿನಗೆ ಏಕೆ ಹೇಳಲಿಲ್ಲ ಎಂದರೆ, ಹೇಳುವ ಬಾಯಿ ನನಗಿರಲಿಲ್ಲ. ಹಲ್ಲು ಕಟ್ಟುವುದನ್ನು ಕಲಿಯುವಾಗ ಹಾಸ್ಟೆಲಿನಲ್ಲಿ ಆರು ಜನರ ಕೋಣೆ, ನನ್ನದು ಮೇಲಿನ ಮಂಚ. ಅಲ್ಲಿ ಮಗುವನ್ನು ಎಲ್ಲಿಟ್ಟುಕೊಳ್ಳಲಿ? ಬೇರೆ ಯಾರೂ ಬಾಗಿಲು ತೆಗೆಯದಿದ್ದಾಗ ನೀನು ತೆಗೆದೆ. ಅದನ್ನು ನಾನು ಮರೆಯುವವಳಲ್ಲ. ಪತ್ರಿಕೆಯಲ್ಲಿ ಪ್ರತಿ ವಾರ ಅವಳ ಕೈ ನೋಡಿ, ನನ್ನ ಮಗಳು ಸುಖವಾಗಿದ್ದಾಳೆ ಎಂದು ಹಾಸ್ಟೆಲಿನವರಿಗೆಲ್ಲ ತೋರಿಸುತ್ತಿದ್ದೆ. ನಾನೂ ಮುಖ ಕೇಳಲಿಲ್ಲ. ಕೈ ಸಾಕಾಗಿತ್ತು ನನಗೂ.

ಅದಕ್ಕೇ ಗೂಡು ಕಟ್ಟಿದೆ, ಹಾವು ಕತ್ತರಿಸಿದೆ. ನಿನ್ನ ಮನಸ್ಸು ಮುರಿಯದೆ ಡಿಸೆಂಬರ್ ಕಳೆದರೆ ಸಾಕಿತ್ತು.

ಅವಳು ಬರುವುದಿಲ್ಲ. ಈ ಡಿಸೆಂಬರಿಗೂ ಇಲ್ಲ, ಮುಂದಿನದಕ್ಕೂ ಇಲ್ಲ.

ತಂಗಿ


ಅಕ್ಟೋಬರ್ 19

ತಂಗೀ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನೀನು ಬರೆದ ಮಗು ನನಗೆ ಪರಿಚಯವಿಲ್ಲ.

ನನ್ನ ಮನೆಯಲ್ಲಿದ್ದವಳು ನಗುತ್ತಿದ್ದಳು. ಮೇಜಿನ ಕೆಳಗೆ ಚೂರು ಕಾಗದಗಳಲ್ಲಿ ಉರುಳಾಡುತ್ತಿದ್ದಳು. ಗೋಂದನ್ನು ಅಂಗೈಗೆ ಬಳಿದು ಒಣಗಿಸಿ ಸಿಪ್ಪೆಯಂತೆ ಸುಲಿದು, "ದೊಡ್ಡಮ್ಮ ನೋಡಿ, ಹಾವು ಪೊರೆ ಬಿಡ್ತು," ಎಂದು ತೋರಿಸುತ್ತಿದ್ದಳು. ಮತ್ತೆ ಮಾಡ್ತೀನಿ ಎಂದು ಅವಳೇ ಹೇಳುತ್ತಿದ್ದಳು. ನಾನು ಒಂದು ದಿನವೂ ಕೈ ಎತ್ತಿಲ್ಲ, ಗದರಿಸಿಲ್ಲ. 'ಇನ್ನೊಂದು ಸಲ, ಕಂದಾ' ಎಂದಿದ್ದೇನೆ, ಅಷ್ಟೇ. ಒಂದು ಚಿತ್ರಕ್ಕೆ ಎಂಟು ಸಲ, ಹೆಚ್ಚೆಂದರೆ ಹತ್ತು. ಇಪ್ಪತ್ತಮೂರು ಎಂದೂ ಇಲ್ಲ.

ದೀಪ ಇಡುವ ಹೂವಿನ ಪುಟದ ವಾರ ಹದಿನಾಲ್ಕು ಸಲ ಆಗಿರಬಹುದು. ಅವತ್ತು ಮೋಡವಿತ್ತು.

ಒಂದು ಕೈಕೆಲಸದ ಪುಟ ಹೇಗೆ ಆಗುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ನನ್ನ ಕಿಟಕಿಗೆ ಬೆಳಕು ಬರುವುದು ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆಯ ತನಕ. ಆಮೇಲೆ ಎದುರಿನ ಕಟ್ಟಡದ ನೆರಳು. ಅಷ್ಟರಲ್ಲಿ ಕಾಗದ ಮಡಿಸಬೇಕು, ಕೈ ನಿಲ್ಲಬೇಕು, ನೆರಳು ಬೆರಳಿನ ಮೇಲೆ ಬೀಳಬಾರದು. ನನ್ನ ಕೈ ಇಟ್ಟು ತೆಗೆದ ಚಿತ್ರಗಳನ್ನು ಹದಿನಾಲ್ಕು ವರ್ಷ ಯಾರೂ ಎರಡನೇ ಸಲ ನೋಡಲಿಲ್ಲ. ಅವಳ ಕೈ ಬಂದ ಮೊದಲ ವಾರವೇ ಓದುಗರಿಂದ ಎಪ್ಪತ್ತು ಕಾಗದಗಳು. ಆ ಕಾಗದಗಳನ್ನು ಅವಳಿಗೆ ಓದಿ ಹೇಳಿದ್ದೇನೆ. ಅವಳು ಕೇಳಿದ್ದು ಒಂದೇ: "ನಾನು ಇವರಿಗೆ ಯಾವಾಗ ಕಾಣ್ತೀನಿ?" ತಮಾಷೆ ಎಂದುಕೊಂಡೆ.

ಹತ್ತರಿಂದ ಹನ್ನೊಂದೂವರೆ ಎಂದು ಮೇಲೆ ಬರೆದಿದ್ದೇನೆ. ಆ ಹೊತ್ತಿನಲ್ಲಿ ಮಕ್ಕಳು ಎಲ್ಲಿರಬೇಕು ಎಂದು ನೀನು ಕೇಳುತ್ತೀ. ಬುಧವಾರ ಅವಳು ಶಾಲೆಗೆ ಹೋಗುತ್ತಿರಲಿಲ್ಲ. ಕೆಲವು ವಾರ ಗುರುವಾರವೂ. ಹೊಟ್ಟೆನೋವು ಎಂದು ಚೀಟಿ ಬರೆದು ಕೊಡುತ್ತಿದ್ದೆ. ನಿನಗೆ ಹೇಳಿರಲಿಲ್ಲ. ಈ ಸಾಲನ್ನು ಹೊಡೆದುಹಾಕಬೇಕು ಎಂದುಕೊಂಡೆ. ಇರಲಿ.

ನೀನು ಮರೆಮಾಡಿದ್ದು ಎಂಟು ತಿಂಗಳು. ನಾನು ಎರಡು ವರ್ಷ. ಆದರೂ ನನ್ನ ಮೇಲೆ ನನಗೆ ಬರದಷ್ಟು ಸಿಟ್ಟು ನಿನ್ನ ಮೇಲೆ ಬರುತ್ತಿದೆ. ಆ ಗೂಡನ್ನು ನೋಡಿ ನಾನು ಸಂತೋಷಪಟ್ಟೆ. ನನ್ನ ಆ ಸಂತೋಷವನ್ನು ನೀನು ನೋಡಲಿಲ್ಲ ಎಂಬುದೊಂದೇ ಸಮಾಧಾನ.

ಅಕ್ಕ


ನವೆಂಬರ್ 14

ಅಕ್ಕಾ,

ಬುಧವಾರದ ವಿಷಯ ನನಗೆ ಮಾರ್ಚಿನಿಂದಲೇ ಗೊತ್ತಿತ್ತು. ಇಲ್ಲಿ ಬುಧವಾರ ಬೆಳಿಗ್ಗೆ ಸಮವಸ್ತ್ರ ಕೊಟ್ಟರೆ, "ಇವತ್ತು ಹೊಟ್ಟೆನೋವಲ್ವಾ?" ಎಂದು ಕೇಳುತ್ತಿದ್ದಳು.

ಈಗ ಪರವಾಗಿಲ್ಲ. ಓಡುತ್ತಾಳೆ, ಉಣ್ಣುತ್ತಾಳೆ, ಮನೆಯೊಡತಿಯ ಜೊತೆ ಜಗಳ ಆಡುತ್ತಾಳೆ. ಟೀಚರು ಅವಳನ್ನು ಡ್ರಾಯಿಂಗ್ ಕ್ಲಾಸಿನ ಹೊತ್ತಿನಲ್ಲಿ ಮೈದಾನಕ್ಕೆ ಬಿಡುತ್ತಾರೆ.

ನಿನ್ನನ್ನು ಒಂದೇ ಒಂದು ಕೇಳುತ್ತೇನೆ. ಇಷ್ಟು ವರ್ಷದಲ್ಲಿ ನಾನು ಕೇಳಿದ್ದು ಎರಡೇ: ಮಗುವನ್ನು ಇಟ್ಟುಕೋ ಎಂದದ್ದು, ಈಗ ಇದು. ಆ ಪುಸ್ತಕದಲ್ಲಿ ಅವಳ ಕೈ ಇರುವ ಚಿತ್ರ ಒಂದೂ ಬೇಡ. ಟೀಚರು ಅದನ್ನು ಕೊಳ್ಳುತ್ತಾರೆ, ಕ್ಲಾಸಿನ ಮಕ್ಕಳು ಕೊಳ್ಳುತ್ತಾರೆ. ಅವಳು ಹೋದಲ್ಲೆಲ್ಲ ಅದು ಮೊದಲೇ ಹೋಗಿ ಕೂತಿರುತ್ತದೆ. ನಿನ್ನ ಕೈ ಇಟ್ಟು ಮತ್ತೆ ತೆಗೆಸು. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲದಿರಲಿ.

ಇಷ್ಟು ಮಾಡಿದರೆ ಮುಂದೊಂದು ದಿನ ನಾನೇ ಅವಳನ್ನು ಕರೆದುಕೊಂಡು ಬರುತ್ತೇನೆ. ಬರಿಗೈಯಲ್ಲಿ ಬರುತ್ತಾಳೆ, ಬರಿಗೈಯಲ್ಲಿ ಹೋಗುತ್ತಾಳೆ. ನೀನು ಅವಳ ತಲೆ ಬಾಚಬಹುದು.

ತಂಗಿ


ಡಿಸೆಂಬರ್ 17

ತಂಗೀ,

ಪುಸ್ತಕ ಬಂದಿದೆ. ಬೇರೆಯವರಿಂದ ತಿಳಿಯುವ ಮೊದಲು ನಾನೇ ಬರೆಯುತ್ತಿದ್ದೇನೆ. ಅವಳು ಬರುವುದಿಲ್ಲ ಎಂದ ಮೇಲೆ ಡಿಸೆಂಬರಿನ ರಜೆಗೆ ಕಾಯಲಿಲ್ಲ, ಹೊಸ ಒಂಬತ್ತು ಚಿತ್ರಗಳಿಗೆ ನನ್ನ ಕೈಯನ್ನೇ ಇಟ್ಟೆ. ಉಳಿದ ಮೂವತ್ತೊಂದು ಚಿತ್ರಗಳಲ್ಲಿ ಅವಳ ಕೈ ಇದೆ. ಮುಖಪುಟದಲ್ಲೂ ಇದೆ. ಹಳೆಯದೊಂದನ್ನು ಹಿಗ್ಗಿಸಿದ್ದಾರೆ.

ನಿನ್ನ ಕಾಗದ ಕೈಸೇರಿದಾಗ ಅಚ್ಚಿಗೆ ಹೋಗಲು ಇನ್ನೂ ಒಂಬತ್ತು ದಿನವಿತ್ತು. ಆ ಒಂಬತ್ತು ದಿನವೂ ಸಂಪಾದಕರಿಗೆ ಫೋನ್ ಮಾಡಬೇಕು ಎಂದುಕೊಂಡೆ. ಎರಡು ಸಲ ಮಾಡಿದೆ ಕೂಡ. ಒಂದು ಸಲ ಅಕ್ಷರದ ಗಾತ್ರದ ಬಗ್ಗೆ ಮಾತಾಡಿದೆ. ಇನ್ನೊಂದು ಸಲ ನನ್ನ ಹೆಸರು ಎಲ್ಲಿ ಬರಬೇಕು ಎಂಬುದರ ಬಗ್ಗೆ. ಫೋನಿಟ್ಟ ಮೇಲೆ ಪ್ರತಿ ಸಲವೂ, ಹೇಳಿದ್ದರೆ ಅವರು ಒಪ್ಪುತ್ತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಒಪ್ಪುತ್ತಿದ್ದರು. ಒಳ್ಳೆಯ ಮನುಷ್ಯರು ಅವರು.

ಇದಕ್ಕೆ ಕಾರಣ ಹುಡುಕಿದೆ. ವಯಸ್ಸಾಯಿತು, ಇನ್ನೊಂದು ಪುಸ್ತಕ ಯಾರೂ ಕೇಳುವುದಿಲ್ಲ, ಎಂದೆಲ್ಲ. ಯಾವುದೂ ಸುಳ್ಳಲ್ಲ. ಯಾವುದೂ ಕಾರಣವೂ ಅಲ್ಲ. ಆ ಚಿತ್ರಗಳು ಚೆನ್ನಾಗಿದ್ದವು, ಅಷ್ಟೇ.

ಮೊನ್ನೆ ನಿಮ್ಮ ಊರಿಗೆ ಬಂದಿದ್ದೆ. ನಿನಗೆ ಹೇಳಲಿಲ್ಲ. ಮೊದಲ ಪ್ರತಿಯನ್ನು ಅವಳಿಗೇ ಕೊಟ್ಟು ಏನಾದರೂ ಹೇಳಬೇಕು ಎಂದಿತ್ತು. ಏನು ಎಂದು ಬಸ್ಸಿನಲ್ಲಿ ಐದು ತಾಸು ಯೋಚಿಸಿದರೂ ಹೊಳೆದಿರಲಿಲ್ಲ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತೆ. ಕಾವಲಿನವನು, "ಯಾರು ಬೇಕಮ್ಮ?" ಎಂದ. ಒಂದು ಹುಡುಗಿಯ ದೊಡ್ಡಮ್ಮ ಎಂದೆ. "ಯಾವ ಕ್ಲಾಸು?" ಮೂರೋ ನಾಲ್ಕೋ ಇರಬೇಕು, ಸಣ್ಣಗಿದ್ದಾಳೆ ಎಂದೆ. "ಇಲ್ಲಿ ಎಲ್ಲಾರೂ ಸಣ್ಣಗೇ ಇರೋದು," ಎಂದು ಅವನು ಸ್ಟೂಲು ಕೊಟ್ಟ.

ಅವಳು ಹೊರಗೆ ಬಂದಾಗ ಮೊದಲು ಗುರುತಿಸಲಿಲ್ಲ. ಕೂದಲು ಗಿಡ್ಡ ಮಾಡಿಸಿದ್ದೀಯ. ಇನ್ನೊಂದು ಹುಡುಗಿಯ ಚೀಲ ಎಳೆಯುತ್ತಾ, "ಲೇ, ನಿಲ್ಲೇ ಗೂಬೆ!" ಎಂದು ಕಿರುಚುತ್ತಾ ಓಡಿ ಬರುತ್ತಿದ್ದಳು. ಅಷ್ಟು ದೊಡ್ಡ ದನಿ ಅವಳಿಗಿದೆ ಎಂದು ನನಗೆ ಗೊತ್ತಿರಲಿಲ್ಲ.

ನನ್ನನ್ನು ನೋಡಿ ನಿಂತಳು. ಓಡಿಹೋಗಲಿಲ್ಲ. ನಡೆದು ಬಂದಳು.

"ಯಾವಾಗ ಬಂದ್ರಿ ದೊಡ್ಡಮ್ಮ?"

"ಈಗಷ್ಟೇ ಕಂದಾ."

"ಅಮ್ಮಂಗೆ ಗೊತ್ತಾ?"

"ಇಲ್ಲ."

ಮಕ್ಕಳಿಗೆ ಯಾರಾದರೂ ಚಾಚುವ ಹಾಗೆ ನಾನು ಕೈ ಚಾಚಿದೆ. ಬೇರೆ ಏನೂ ಮನಸ್ಸಿನಲ್ಲಿರಲಿಲ್ಲ. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ತೆಗೆದುಕೊಂಡಳು. ತಪ್ಪು ಮಾಡಿದವರ ಥರ ನೆಲ ನೋಡುತ್ತಾ, ತುಂಬ ಮರ್ಯಾದೆಯಿಂದ, "ಇವತ್ತು ಕೈ ತೊಳ್ದಿಲ್ಲ ದೊಡ್ಡಮ್ಮ," ಎಂದಳು.

ಪುಸ್ತಕ ಚೀಲದಲ್ಲೇ ಇತ್ತು. ಹೋಗು, ಗೆಳತಿ ಕಾಯುತ್ತಿದ್ದಾಳೆ ಎಂದೆ. ಅವಳು ತಲೆಯಾಡಿಸಿದಳು. ತಿರುಗಿ ನಡೆಯುವಾಗ ಬೆನ್ನ ಹಿಂದಿದ್ದ ಕೈಗಳನ್ನು ಮುಂದಕ್ಕೆ ತಂದುಕೊಂಡಳು, ನನಗೆ ಕಾಣದ ಹಾಗೆ.

ಅಕ್ಕ